ಹೋಪಿ ಊರಿಗೆ ಗೊಂಬೆ ಹೊತ್ತುಕೊಂಡು ನಾಲ್ಕು ದಿನ

ಇದೆಲ್ಲ ಶುರುವಾಗಿದ್ದು ನನ್ನ ಸೊಸೆ ತಂದ ಒಂದು ಗೊಂಬೆಯಿಂದ.

ಅರಿಝೋನಾದ ಚಾಂಡ್ಲರ್‌ನಲ್ಲಿ ಮಗನ ಮನೆ. ಮೊಮ್ಮಗಳಿಗೆ ಎಂಟು ತಿಂಗಳು. ಬಾಣಂತನಕ್ಕೆ ಬೀಗಿತ್ತಿ ಬಂದು ಹೋಗಿದ್ದರು, ಈಗ ನನ್ನ ಸರದಿ. ಸೊಸೆಗೆ ಹಳೇ ಸಾಮಾನಿನ ಹುಚ್ಚು. ಒಂದು ಶನಿವಾರ ಯಾವುದೋ ಅಂಗಡಿಯಿಂದ ಒಂದಡಿ ಎತ್ತರದ ಮರದ ಗೊಂಬೆ ತಂದಳು. ತಲೆ ಸುತ್ತ ಗರಿ, ಮೈಮೇಲೆ ಮೊಲದ ತುಪ್ಪಳ, ಒಂದು ಕಾಲು ಎತ್ತಿ ಕುಣಿಯುವ ಭಂಗಿ. ಕಾಲಿಗೆ ಕಟ್ಟಿದ ಚೀಟಿಯಲ್ಲಿ ‘ಹೋಪಿ ಕಚಿನಾ, ಆಂಟಿಕ್, 1920’ ಅಂತ ಬರೆದಿತ್ತು. ಹೋಪಿ ಅಂದರೆ ಅರಿಝೋನಾದ ಉತ್ತರದಲ್ಲಿರುವ ಮೂಲನಿವಾಸಿ ಜನ, ಕಚಿನಾ ಗೊಂಬೆ ಕೆತ್ತುವವರು. ಬೆಲೆ 280 ಡಾಲರ್. ಮಗ ಒಂದು ಕ್ಷಣ ಸುಮ್ಮನಾದ. ರೂಪಾಯಿಗೆ ಗುಣಿಸ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಹನ್ನೆರಡು ವರ್ಷದಿಂದ ಇಲ್ಲೇ ಇದ್ದರೂ ಆ ಚಾಳಿ ಹೋಗಿಲ್ಲ.

“ಅಮ್ಮ, ನೀನೇ ಹೇಳು, ಇದು ನೂರು ವರ್ಷದ್ದು ಅನ್ಸುತ್ತಾ?”

ನನಗೇನು ಗೊತ್ತು ಹೋಪಿ ಗೊಂಬೆ ವಿಷಯ? ಆದರೆ ಹಳೇ ಮರದ ಗೊಂಬೆ ಸ್ವಲ್ಪ ಗೊತ್ತು. ಮೈಸೂರಿನ ಮನೆಯಲ್ಲಿ ಪಟ್ಟದ ಗೊಂಬೆ ಜೋಡಿ ಇದೆ. ಮದುವೆಯಲ್ಲಿ ಅಮ್ಮ ಕೊಟ್ಟಿದ್ದು, ಅಮ್ಮನಿಗೆ ಅಜ್ಜಿ ಕೊಟ್ಟಿದ್ದು. ರಾಣಿಯ ಮೂಗು ಸವೆದು ಮಟ್ಟಸವಾಗಿದೆ, ರಾಜನ ಒಂದು ಕಿವಿ ಇಲ್ಲ. ಕೈಯಿಂದ ಕೈಗೆ ಹೋದ ಗೊಂಬೆ ಹಾಗಿರುತ್ತೆ. ಇದು ಅಲ್ಲಲ್ಲಿ ಕಂದಾಗಿತ್ತು, ಆದರೆ ಎಲ್ಲೂ ಸವೆದಿರಲಿಲ್ಲ.

“ಅಂಗಡಿ ಚೀಟಿ ಬಿಡಿ, ಮಾಡೋರನ್ನೇ ಕೇಳಿದ್ರಾಯ್ತು” ಅಂದೆ. ಸುಮ್ನೆ ಬಾಯಿಗೆ ಬಂದ ಮಾತು. ಮಗ ನಾಲ್ಕು ದಿನ ರಜೆ ಹಾಕಿಬಿಟ್ಟ. ಅಕ್ಟೋಬರ್ ತಿಂಗಳು, ನವರಾತ್ರಿಗೆ ಇನ್ನೂ ಹತ್ತು ದಿನ ಇತ್ತು.

ಮೊದಲ ದಿನ: ಫೀನಿಕ್ಸ್

ನಿಜವಾದ ಹಳೇ ಗೊಂಬೆ ಹೇಗಿರುತ್ತೆ ಅಂತ ಮೊದಲು ನೋಡಬೇಕಲ್ಲ. ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂಗೆ ಹೋದೆವು. 1929ರಲ್ಲಿ ಶುರುವಾದದ್ದು. ಇಲ್ಲಿರುವ ಕಚಿನಾ ಗೊಂಬೆಗಳಲ್ಲಿ 437 ಒಬ್ಬರೇ ಕೊಟ್ಟಿದ್ದು: ಬ್ಯಾರಿ ಗೋಲ್ಡ್‌ವಾಟರ್, ಅರಿಝೋನಾದ ಸೆನೆಟರ್. ಕೊಟ್ಟಿದ್ದು 1964ರಲ್ಲಿ. ಅದೇ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತು ಲಿಂಡನ್ ಜಾನ್ಸನ್ ಎದುರು ಸೋತರು.

ನಮ್ಮ ಗೊಂಬೆಯನ್ನು ಒಳಗೆ ಒಯ್ಯುವುದು ಬೇಡ ಅಂತ ಕಾರಲ್ಲೇ ಬಿಟ್ಟೆವು. ಹೊರಗೆ ಬರುವಾಗ ‘ಇದು ನಮ್ದೇ’ ಅಂದರೆ ಯಾರು ಕೇಳ್ತಾರೆ? ಸೊಸೆ ಫೋನಿನಲ್ಲಿ ಅದರ ಫೋಟೋ ಇಟ್ಟುಕೊಂಡಿದ್ದಳು.

ಮೊದಲು ಹೆಸರಿನ ವಿಷಯ. ‘ಕಚಿನಾ’ ಅನ್ನುವುದು ಹೊರಗಿನವರ ಬಾಯಲ್ಲಿ ಆದ ರೂಪ. ಹೋಪಿಯಲ್ಲಿ ‘ಕತ್ಸಿನಾ’. ಬಹಳ ಜನ ಇದ್ದರೆ ‘ಕತ್ಸಿನಂ’. ಇವರು ದೇವರು ಅಂತಲೂ ಅಲ್ಲ, ದೆವ್ವವಂತೂ ಅಲ್ಲ. ಮೋಡ, ಮಳೆ, ಪ್ರಾಣಿ, ಗಿಡ, ತೀರಿಕೊಂಡ ಹಿರಿಯರು, ಹೀಗೆ ಎಲ್ಲದರ ಆತ್ಮಗಳು. ಚಳಿಗಾಲದಲ್ಲಿ ಹೋಪಿ ಊರುಗಳಿಗೆ ಬರುತ್ತಾರೆ. ಜುಲೈನಲ್ಲಿ ‘ನಿಮನ್’ ಅನ್ನುವ ಹಬ್ಬ ಮುಗಿಸಿ ತಮ್ಮ ಬೆಟ್ಟಕ್ಕೆ ವಾಪಸ್ ಹೋಗುತ್ತಾರೆ. ಇದ್ದಷ್ಟು ದಿನ ಕುಣಿದು ಮಳೆ ತರುತ್ತಾರೆ, ಹೆಣ್ಣುಮಕ್ಕಳಿಗೆ ಗೊಂಬೆ ಕೊಡುತ್ತಾರೆ. ಆ ಗೊಂಬೆಯೇ ‘ತಿಹು’. ಮಗುವಿಗೆ ಸಿಗುವುದು ಕತ್ಸಿನಾ ಕೈಯಿಂದಲೇ. ಅಪ್ಪ ಅಂಗಡಿಯಿಂದ ತಂದುಕೊಟ್ಟ ಆಟಿಕೆ ಥರ ಅಲ್ಲ.

ಗಾಜಿನ ಹಿಂದೆ ಸಾಲುಸಾಲು ಗೊಂಬೆ. ಕಣ್ಣು ಸೆಳೆಯುವಂಥವು ಬೇರೆ ಇದ್ದವು, ಗರಿ ಬಿಚ್ಚಿ ಕುಣಿಯುವಂಥವು. ನಾನು ನಿಂತಿದ್ದು ಒಂದು ಗೇಣುದ್ದದ ಹಳೇ ಗೊಂಬೆ ಮುಂದೆ. ಮೈ ಅಂದರೆ ಬರೀ ಒಂದು ಕೊರಡು. ಕೈಗಳನ್ನು ಬೇರೆಯಾಗಿ ಬಿಡಿಸಿಲ್ಲ. ಹೊಟ್ಟೆಗೆ ಒತ್ತಿಕೊಂಡ ಹಾಗೆ ಮೇಲುಮೇಲೆ ಗೀರಿದ್ದಾರೆ, ಅಷ್ಟೆ. ಚಳಿಯಲ್ಲಿ ನಿಂತ ಮಗು ಹೊಟ್ಟೆ ಹಿಡಿದುಕೊಂಡ ಹಾಗಿತ್ತು. ಕಾಲು ಎರಡು ಮೊಂಡು ಗೂಟ. ತಲೆ ಮಾತ್ರ ದೊಡ್ಡದು, ಇಡೀ ಗೊಂಬೆಯ ಮೂರನೇ ಒಂದು ಭಾಗ. ಮೊದಲು ಬಿಳಿ ಜೇಡಿಮಣ್ಣು ಬಳಿದು, ಅದರ ಮೇಲೆ ಕಲ್ಲು ಅರೆದು ಮಾಡಿದ ಬಣ್ಣ: ತಾಮ್ರದ ಅದಿರಿನ ನೀಲಿ-ಹಸಿರು, ಕಬ್ಬಿಣದ ಅದಿರಿನ ಕೆಂಪು, ಮಸಿಯ ಕಪ್ಪು. ಬಣ್ಣ ಹೊಳೆಯುತ್ತಿರಲಿಲ್ಲ. ಪುಡಿ ಉದುರಿದ ಹಾಗೆ ಮಾಸಿತ್ತು. ನೆತ್ತಿಯಲ್ಲಿ ನಾಲ್ಕು ತೂತು. ಒಂದು ಕಾಲದಲ್ಲಿ ಗರಿ ಇದ್ದವು, ಈಗ ಒಂದು ಕಡ್ಡಿಯ ತುದಿ ಮಾತ್ರ ಉಳಿದಿದೆ. ಕತ್ತಿಗೆ ನೂಲಿನ ಹುರಿ.

ಆ ಹುರಿ ಯಾಕೆ ಅಂತ ನನಗೆ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಮ್ಯೂಸಿಯಂ ಸ್ವಯಂಸೇವಕಿ, ನನ್ನಷ್ಟೇ ವಯಸ್ಸಿನವರು, ಬಿಡಿಸಿ ಹೇಳಿದರು. ಹಳೇ ತಿಹು ನಿಲ್ಲುವುದಿಲ್ಲ, ನೇತಾಡುತ್ತೆ. ಮನೆಯಲ್ಲಿ ಗೋಡೆಗೋ ತೊಲೆಗೋ ನೇತುಹಾಕಬೇಕು, ಮಗು ಮಲಗಿದಲ್ಲಿಂದ ನೋಡಬೇಕು. ಪಾದದ ಕೆಳಗೆ ಹಲಗೆ ಬಂದಿದ್ದು ಆಮೇಲೆ, ಕೊಳ್ಳುವವರ ಶೋಕೇಸಿನಲ್ಲಿ ನಿಲ್ಲಲಿ ಅಂತ. 1880ರ ಸುಮಾರಿಗೆ ರೈಲು ಈ ಕಡೆ ಬಂತು. ಹಿಂದೆಯೇ ಪ್ರವಾಸಿಗಳು ಬಂದರು. 1905ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಅಂಚಿನಲ್ಲಿ ‘ಹೋಪಿ ಹೌಸ್’ ಅಂತ ಕಟ್ಟಿ ಅಲ್ಲೇ ಹೋಪಿಗಳ ಕೈಕೆಲಸ ಮಾರಲು ಶುರು ಮಾಡಿದರು. ಕೊಳ್ಳುವವರಿಗೆ ಕುಣಿಯುವ ಗೊಂಬೆ ಬೇಕಿತ್ತು. ನಿಧಾನಕ್ಕೆ ಕೈ ಹೊಟ್ಟೆಯಿಂದ ಬಿಡಿಸಿಕೊಂಡಿತು, ಕಾಲು ಮೇಲೆದ್ದಿತು, ಕಲ್ಲಿನ ಬಣ್ಣ ಹೋಗಿ ಡಬ್ಬಿ ಬಣ್ಣ ಬಂತು. ಹದ್ದಿನ ಗರಿ ಮಾರುವುದು ಕಾನೂನಿಗೆ ವಿರುದ್ಧ ಆದಮೇಲೆ, 1970ರ ದಶಕದ ಹೊತ್ತಿಗೆ, ಗರಿಯನ್ನೂ ಮರದಲ್ಲೇ ಕೆತ್ತತೊಡಗಿದರು.

ಸೊಸೆ ಫೋಟೋ ತೋರಿಸಿದಳು. ಆಕೆ ಕನ್ನಡಕ ಏರಿಸಿ ನೋಡಿ, ನಕ್ಕು, “ನೀವು ಮೇಸಾಗಳಿಗೆ ಹೋಗ್ತಿದ್ದೀರಲ್ಲ, ಅಲ್ಲೇ ಕೇಳಿ” ಅಂದರು. ಮೇಸಾ ಅಂದರೆ ಹೋಪಿ ಊರುಗಳಿರುವ ಗುಡ್ಡ. ವಾಪಸ್ ಬರುವಾಗ ಸೊಸೆ, “ಅತ್ತೆ, ಅವರು ನಕ್ಕಿದ್ದು ಯಾವ ಥರ?” ಅಂತ ಎರಡು ಸಲ ಕೇಳಿದಳು. ನಾನು ಮಗುವಿನ ಟೋಪಿ ಸರಿ ಮಾಡಿದೆ.

ಎರಡನೇ ದಿನ: ಫ್ಲ್ಯಾಗ್‌ಸ್ಟಾಫ್

ಫೀನಿಕ್ಸ್‌ನಿಂದ ಉತ್ತರಕ್ಕೆ ಸುಮಾರು 230 ಕಿಲೋಮೀಟರ್. ಕಳ್ಳಿ ಗಿಡಗಳ ಮರುಭೂಮಿಯಿಂದ ಹೊರಟು, ಎರಡೂವರೆ ಗಂಟೆಯಲ್ಲಿ ಪೈನ್ ಕಾಡಿನ ನಡುವೆ ಸ್ವೆಟರ್ ಹುಡುಕುವ ಹಾಗಾಯಿತು. 2100 ಮೀಟರ್ ಎತ್ತರದ ಊರು. ಏರುವಾಗ ಮಗುವಿನ ಕಿವಿ ಕಟ್ಟಿತು, ಅರ್ಧ ಗಂಟೆ ರಾಗ. ದಾರಿಯಲ್ಲಿ ಸೆಡೋನಾಕ್ಕೆ ತಿರುಗುವ ಬೋರ್ಡು ಕಂಡಿತು. ಮ್ಯಾಕ್ಸ್ ಅರ್ನ್ಸ್ಟ್ ಅನ್ನುವ ಚಿತ್ರಕಾರ 1946ರಲ್ಲಿ ಅಲ್ಲಿ ಬಂದು ಮನೆ ಕಟ್ಟಿಕೊಂಡಿದ್ದನಂತೆ. ಅವನು, ಕವಿ ಆಂದ್ರೆ ಬ್ರೆಟನ್, ಕನಸಿನಂಥ ಕಲೆ ಮಾಡುವ ಪ್ಯಾರಿಸ್‌ನ ಆ ಸರ್ರಿಯಲಿಸ್ಟ್ ಗುಂಪಿಗೆಲ್ಲ ಈ ಗೊಂಬೆಗಳ ಹುಚ್ಚು. ಸೊಸೆಗೆ ಇದು ಸಮಾಧಾನದ ಸುದ್ದಿ: “ನೋಡಿ, ನಾನೊಬ್ಬಳೇ ಅಲ್ಲ!”

ಫ್ಲ್ಯಾಗ್‌ಸ್ಟಾಫ್ ಹಿಂದೆ ನಿಂತಿರುವುದೇ ಕತ್ಸಿನಂ ಬೆಟ್ಟ. ಇಂಗ್ಲಿಷಿನಲ್ಲಿ ಸಾನ್ ಫ್ರಾನ್ಸಿಸ್ಕೋ ಪೀಕ್ಸ್, ಹೋಪಿಯಲ್ಲಿ ‘ನುವಾತುಕ್ಯಾಓವಿ’. ತುದಿ 3851 ಮೀಟರ್, ಅರಿಝೋನಾದಲ್ಲೇ ಎತ್ತರದ್ದು. ಜುಲೈನಲ್ಲಿ ಹೋದ ಕತ್ಸಿನಂ ಈಗ ಅಲ್ಲೇ ಇರಬೇಕು. ತುದಿಯಲ್ಲಿ ಮೋಡ ಕೂತಿತ್ತು. ಅದೇ ಬೆಟ್ಟದ ಒಂದು ಪಕ್ಕದಲ್ಲಿ ಹಿಮದಲ್ಲಿ ಜಾರುವ ಆಟದ ರೆಸಾರ್ಟ್ ಇದೆ. ಅಲ್ಲಿ ಸಾಲದ ಹಿಮಕ್ಕೆ ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಅದರಿಂದ ಹಿಮ ತಯಾರಿಸಿ ಸುರಿಯುತ್ತಾರೆ. ಹೋಪಿಗಳು, ಅವರ ನೆರೆಯ ಮೂಲನಿವಾಸಿಗಳಾದ ನವಾಹೋಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ತಡೆಯಲಾಗಲಿಲ್ಲ. ಇದನ್ನು ಓದಿ ನನಗೆ ಸಿಟ್ಟು ಬಂತು. ಮಳೆ ತರುವವರ ಮನೆ ಮೇಲೆ ಯಾರಾದರೂ ಬಚ್ಚಲ ನೀರು ಸುರೀತಾರಾ?

ಮಧ್ಯಾಹ್ನ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಝೋನಾ. ಇದನ್ನು 1928ರಲ್ಲಿ ಕಟ್ಟಿದ ಹೆರಾಲ್ಡ್ ಕೋಲ್ಟನ್ ಕತ್ಸಿನಾ ಬಗೆಗಳಿಗೆಲ್ಲ ನಂಬರ್ ಕೊಟ್ಟು ಪಟ್ಟಿ ಮಾಡಿದವರು, 266 ಬಗೆ. ಅವರ ಜೊತೆ ಕೆಲಸ ಮಾಡಿದ ಜಿಮ್ಮಿ ಕೆವಾನ್ವಿಟೇವಾ ಅನ್ನುವ ಹೋಪಿ ಕೆತ್ತನೆಗಾರರು ಗೊಂಬೆಯ ಅಡಿಗೆ ‘ಜೆ.ಕೆ.’ ಅಂತ ಹಾಕುತ್ತಿದ್ದರು. ಗೊಂಬೆಗೆ ಸಹಿ ಹಾಕಿದ ಮೊದಲಿಗರಲ್ಲಿ ಅವರೊಬ್ಬರು. ಅದಕ್ಕೂ ಹಿಂದಿನ ಗೊಂಬೆಗಳಲ್ಲಿ ಹೆಸರು ಹುಡುಕಿದರೆ ಸಿಗಲ್ಲ. ಕತ್ಸಿನಾ ಕೊಟ್ಟ ಗೊಂಬೆಗೆ ಮನುಷ್ಯನ ಸಹಿ ಯಾಕೆ?

ರಾತ್ರಿ ಹೋಟೆಲಿನಲ್ಲಿ ಸೊಸೆ ನಮ್ಮ ಗೊಂಬೆಯ ಹಲಗೆ ತಿರುಗಿಸಿ ಟಾರ್ಚ್ ಹಾಕಿ ನೋಡಿದಳು. ಏನೂ ಇರಲಿಲ್ಲ. “ಸಹಿ ಇಲ್ಲ! ಹಳೇದೇ!” ಅಂದಳು. ಮಗ ಹೊದಿಕೆ ಎಳೆದುಕೊಂಡು ಮಲಗಿದ.

ಮೂರನೇ ದಿನ: ಓರೈಬಿ, ಸೆಕೆಂಡ್ ಮೇಸಾ

ಬೆಳಿಗ್ಗೆ ಎಂಟಕ್ಕೆ ಹೊರಟು ನವಾಹೋ ನಾಡು ಹೊಕ್ಕೆವು. ಫೋನಿನಲ್ಲಿ ಗಂಟೆ ತಾನೇ ಒಂದು ಮುಂದೆ ಹಾರಿತು. ಅರಿಝೋನಾದವರು ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವುದಿಲ್ಲ, ಅದರೊಳಗಿನ ನವಾಹೋಗಳು ತಿರುಗಿಸುತ್ತಾರೆ, ನವಾಹೋ ನಾಡಿನೊಳಗಿನ ಹೋಪಿಗಳು ತಿರುಗಿಸುವುದಿಲ್ಲ. ಟ್ಯೂಬಾ ಸಿಟಿಯಲ್ಲಿ ಹನ್ನೊಂದು, ರಸ್ತೆ ದಾಟಿ ಮೊಯೆಂಕೋಪಿಗೆ ಬಂದರೆ ಹತ್ತು, ಸ್ವಲ್ಪ ಮುಂದೆ ಹೋದರೆ ಮತ್ತೆ ಹನ್ನೊಂದು. ಮಗುವಿಗೆ ಗಂಟೆ ನೋಡಿ ಉಣಿಸುವ ಸೊಸೆ ತಲೆ ಕೆಡಿಸಿಕೊಂಡಳು. “ಅದು ಅತ್ತಾಗ ಕೊಡೇ” ಅಂದೆ.

264ನೇ ನಂಬರಿನ ರಸ್ತೆ. ಬರೀ ಬಯಲು, ಆಕಾಶ. ಬಯಲಿನ ಅಂಚಿನಲ್ಲಿ ಮೇಜಿನ ಹಾಗೆ ಮಟ್ಟಸ ತಲೆಯ ಮೂರು ಗುಡ್ಡಗಳು: ಥರ್ಡ್ ಮೇಸಾ, ಸೆಕೆಂಡ್ ಮೇಸಾ, ಫಸ್ಟ್ ಮೇಸಾ. ಪೂರ್ವದಿಂದ ಎಣಿಸಿದ್ದಾರೆ, ಹಾಗಾಗಿ ಪಶ್ಚಿಮದಿಂದ ಬಂದ ನಮಗೆ ಮೂರು ಮೊದಲು. ಹೋಟ್‌ವಿಲ್ಲಾ ಹತ್ತಿರ ಮೆಕ್ಕೆಜೋಳದ ಹೊಲ ಕಂಡಿತು. ಅಮೆರಿಕದ ಬೇರೆ ಕಡೆಯ ಹಾಗೆ ಆಳೆತ್ತರದ್ದಲ್ಲ. ಮರಳಿನಲ್ಲಿ ನಾಲ್ಕು ಹೆಜ್ಜೆಗೊಂದು ಕುಳ್ಳ ಪೊದೆ. ವರ್ಷಕ್ಕೆ ಹತ್ತು ಇಂಚು ಮಳೆ ಬಂದರೆ ಜಾಸ್ತಿ. ಕೊಳವೆ ಬಾವಿ ಇಲ್ಲ, ಕಾಲುವೆ ಇಲ್ಲ. ಕೋಲಿನಿಂದ ಆಳಕ್ಕೆ ಗುಂಡಿ ತೋಡಿ, ಒಂದೊಂದರಲ್ಲಿ ಹತ್ತು ಹನ್ನೆರಡು ಕಾಳು ಹಾಕುತ್ತಾರೆ. ಇಂಥ ನೆಲದಲ್ಲಿ ಇದ್ದರೆ ಯಾರಾದರೂ ಮೋಡಕ್ಕೆ ಮುಖ ಕೊಟ್ಟು ಗೊಂಬೆ ಮಾಡಿಯಾರು.

ಓರೈಬಿ ಊರ ಬಾಯಲ್ಲೇ ಬೋರ್ಡು: ಫೋಟೋ ಬೇಡ, ವಿಡಿಯೋ ಬೇಡ, ಚಿತ್ರ ಬರೆಯುವುದೂ ಬೇಡ. ಮಗ ಫೋನನ್ನು ಕಾರಿನ ಡಬ್ಬಿಯೊಳಗೆ ಹಾಕಿದ. ಒಂದು ದಿನ ಯಾರೂ ‘ಅಮ್ಮ, ಇಲ್ಲಿ ನೋಡು’ ಅನ್ನಲಿಲ್ಲ, ಎಷ್ಟು ಹಾಯಾಗಿತ್ತು. ಒಂಬೈನೂರು ವರ್ಷದಿಂದ ಜನ ಬಿಡದೆ ಬದುಕಿದ ಊರು ಇದು. ಅಮೆರಿಕದಲ್ಲಿ ಇಷ್ಟು ಹಳೇ ಊರು ಸಿಗುವುದು ಕಷ್ಟ. ಕಲ್ಲಿನ ಗೋಡೆ, ಅರ್ಧ ಕುಸಿದ ಮನೆ, ಅದರ ಪಕ್ಕ ಟ್ರಕ್ಕು, ಬಿಸಿಲಿಗೆ ಮಲಗಿದ ನಾಯಿ. ಊರಾಚೆ ಹಳೇ ಚರ್ಚಿನ ಮುರುಕು ಗೋಡೆ. ಅದನ್ನು ಕಟ್ಟಿಸಿದ್ದು ಎಚ್. ಆರ್. ವೋತ್ ಅನ್ನುವ ಪಾದ್ರಿ, ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದವರು. 1893ರಲ್ಲಿ ಬಂದವರು. ಮತಕ್ಕೆ ಸೇರಿಸುವ ಕೆಲಸ ಅಷ್ಟು ನಡೆಯಲಿಲ್ಲ. ಆದರೆ ಹೋಪಿ ಭಾಷೆ ಕಲಿತು, ಎಲ್ಲದರ ಟಿಪ್ಪಣಿ ಮಾಡಿ, ಊರಿನ ವಸ್ತುಗಳನ್ನು ರಾಶಿ ರಾಶಿ ಕೂಡಿಹಾಕಿ ಚಿಕಾಗೋದ ಫೀಲ್ಡ್ ಮ್ಯೂಸಿಯಂಗೆ ದಾಟಿಸಿದರು. ಚರ್ಚಿಗೆ ಸಿಡಿಲು ಬಡಿಯಿತು. ನಾನೇನೂ ಅರ್ಥ ಹಚ್ಚುವುದಿಲ್ಲ, ಆಗಿದ್ದು ಹೇಳಿದೆ.

ಊರು ಇಷ್ಟು ಖಾಲಿ ಯಾಕೆ ಅನ್ನುವುದಕ್ಕೆ 1906ರ ಕಥೆ ಇದೆ. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಬೇಕಾ ಬೇಡವಾ, ಬಿಳಿಯರ ಜೊತೆ ಎಷ್ಟು ಹೊಂದಿಕೊಳ್ಳಬೇಕು ಅಂತ ಊರು ಎರಡಾಯಿತು. ಕೊನೆಗೆ ನೆಲದ ಮೇಲೆ ಗೆರೆ ಎಳೆದರು. ಎರಡು ಗುಂಪೂ ಎದೆಗೆ ಎದೆ ಕೊಟ್ಟು ತಳ್ಳಬೇಕು, ಸೋತವರು ಊರು ಬಿಡಬೇಕು. ಆಯುಧ ಇಲ್ಲ, ಬರೀ ತಳ್ಳಾಟ. ಸೋತವರು ಅವತ್ತೇ ಹೊರಟು ಹೋಟ್‌ವಿಲ್ಲಾ ಕಟ್ಟಿದರು. ಗೆದ್ದ ಕಡೆಯ ಮುಖ್ಯಸ್ಥ ತವಾಕ್ವಾಪ್ತೇವಾ. ಆದರೆ ಗೆದ್ದವರ ಊರೂ ಬೆಳೆಯಲಿಲ್ಲ.

ನಮ್ಮ ಗೊಂಬೆ ಕಥೆಗೆ ಈ ತವಾಕ್ವಾಪ್ತೇವಾ ಬೇಕು. ಆತ 1960ರಲ್ಲಿ ತೀರಿಕೊಳ್ಳುವವರೆಗೆ ಬಂದ ಪ್ರವಾಸಿಗಳಿಗೆ ಗೊಂಬೆ ಕೆತ್ತಿ ಮಾರುತ್ತಿದ್ದ. ಆದರೆ ಊರಿನ ಮುಖ್ಯಸ್ಥ ಪವಿತ್ರವಾದದ್ದನ್ನು ಮಾರುವುದು ಹೇಗೆ? ಅವನು ಉಪಾಯ ಮಾಡಿದ. ಒಬ್ಬ ಕತ್ಸಿನಾನ ಕಿವಿ, ಇನ್ನೊಬ್ಬನ ಕೊಂಬು, ಮತ್ತೊಬ್ಬನ ಬಾಯಿ ಸೇರಿಸಿ ಯಾರೂ ಅಲ್ಲದ ಗೊಂಬೆ ಮಾಡಿದ. ಕೊಂಡವರು ‘ಇದು ಯಾವ ಕಚಿನಾ’ ಅಂತ ಪುಸ್ತಕ ತೆಗೆದು ಹುಡುಕಿದರೆ ಎಲ್ಲೂ ಇಲ್ಲ! ಈಗ ಆ ‘ಯಾರೂ ಅಲ್ಲದ’ ಗೊಂಬೆಗಳಿಗೇ ಸಾವಿರಾರು ಡಾಲರ್ ಬೆಲೆ. ನನಗೆ ಈ ಮುದುಕ ಬಹಳ ಇಷ್ಟವಾದ.

ಸೆಕೆಂಡ್ ಮೇಸಾದ ಹೋಪಿ ಕಲ್ಚರಲ್ ಸೆಂಟರ್‌ನಲ್ಲಿ ರೂಮು, ಅಲ್ಲೇ ಊಟ. ಇವರ ಹೆಸರಾಂತ ಅಡುಗೆ ‘ನೋಕ್‌ಕ್ವಿವಿ’, ಜೋಳ ಹಾಕಿ ಬೇಯಿಸಿದ ಕುರಿ ಮಾಂಸ. ನನಗೆ ಅದು ಆಗದು. ಬೇಯಿಸಿದ ಹುರುಳಿಕಾಳಿನ ಹಾಗಿದ್ದ ಬೀನ್ಸ್, ಎಣ್ಣೆಯಲ್ಲಿ ಕರಿದ ರೊಟ್ಟಿ ತಿಂದೆ. ‘ಪೀಕಿ’ ಸಿಕ್ಕಿತು. ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಬೂದಿ ನೀರು ಬೆರೆಸಿ, ಕಾದ ಕಲ್ಲಿನ ಮೇಲೆ ಬರಿಗೈಲಿ ಸವರುತ್ತಾರೆ. ಕಾಗದಕ್ಕಿಂತ ತೆಳು. ಸುತ್ತಿಟ್ಟರೆ ಸುಟ್ಟ ಪತ್ರದ ಬಣ್ಣ. ಬಾಯಿಗಿಟ್ಟರೆ ಹಪ್ಪಳಕ್ಕೂ ಮೊದಲೇ ಕರಗುತ್ತೆ. ಮಗುವಿಗೆ ಒಂದು ಚೂರು ಕೊಟ್ಟರೆ ಮುಖ ಕಿವಿಚಿತು, ಆಮೇಲೆ ಇನ್ನೊಂದು ಬೇಕು ಅಂತ ಕೈ ಚಾಚಿತು.

ಸಂಜೆ ರಸ್ತೆ ಪಕ್ಕ ಕೈಬರಹದ ಬೋರ್ಡು ನೋಡಿ ಒಬ್ಬ ಕೆತ್ತನೆಗಾರರ ಮನೆಗೆ ಹೋದೆವು. ಐವತ್ತು ದಾಟಿದವರು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ, ಸುತ್ತ ಮರದ ಹೊಟ್ಟು, ಮೂಲೆಯಲ್ಲಿ ಮೊಣಕೈ ದಪ್ಪದ ಒಣ ಬೇರುಗಳ ಕಟ್ಟು. “ಎತ್ತಿ ನೋಡಿ” ಅಂದರು. ಎತ್ತಿದೆ. ಕೈಯಲ್ಲಿ ಏನೂ ಇಲ್ಲದ ಹಾಗಿತ್ತು. ಇದು ಕಾಟನ್‌ವುಡ್ ಮರದ ಬೇರು, ಹೋಪಿಯಲ್ಲಿ ‘ಪಾಕೋ’. ಹೆಸರಲ್ಲಿ ಹತ್ತಿ ಇದ್ದರೂ ನಮ್ಮ ಹತ್ತಿ ಗಿಡ ಅಲ್ಲ, ಹೊಳೆ ದಂಡೆಯ ದೊಡ್ಡ ಮರ. ನೀರು ಹುಡುಕಿ ದೂರ ಹೋಗುವ ಬೇರು. ಮಳೆ ತರುವವರ ಗೊಂಬೆಯನ್ನು ನೀರು ಹುಡುಕುವ ಬೇರಿನಲ್ಲಿ ಮಾಡುತ್ತಾರೆ.

ಸೊಸೆ ಚೀಲದಿಂದ ನಮ್ಮ ಗೊಂಬೆ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಅವರು ಮೊದಲು ನೋಡಲಿಲ್ಲ. ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ತೂಕ ಅಂದಾಜು ಮಾಡಿದರು. ಅಷ್ಟರಲ್ಲೇ ತೀರ್ಪು ಆಗಿತ್ತು ಅನ್ಸುತ್ತೆ. ಆಮೇಲೆ ತುಪ್ಪಳ ಸರಿಸಿ ಭುಜ ನೋಡಿದರು. ಕೈ ಬೇರೆ ಮಾಡಿ ಗೋಂದಿನಿಂದ ಅಂಟಿಸಿದ್ದು. ಕಾಲು ತಿರುಗಣೆ ಯಂತ್ರದಲ್ಲಿ ಕಡೆದದ್ದು, ಎರಡೂ ಒಂದೇ ಅಳತೆ. ಉಗುರಿನಿಂದ ಹಲಗೆ ಕೆಳಗೆ ಕೆರೆದರು. ಕಂದು ಬಣ್ಣ ಎದ್ದು ಹೊಸ ಪೈನ್ ಮರದ ಬಿಳಿ ಕಂಡಿತು.

“ಅಂಗಡಿಯವರು ಇದು ಯಾರು ಅಂತ ಹೇಳಿದರು?”

“ಸೂರ್ಯ ಕಚಿನಾ ಅಂದ್ರು” ಅಂದಳು ಸೊಸೆ.

“ಮುಖ ಸೂರ್ಯನ ಹಾಗಿದೆ. ಸೊಂಟದ ಬಟ್ಟೆ ಇನ್ನೊಬ್ಬರದು. ಕೈಯಲ್ಲಿರುವುದು...” ಅಂತ ನಿಲ್ಲಿಸಿ, “ಯಾರೂ ಅಲ್ಲ” ಅಂದರು.

ಸೊಸೆಯ ಕಣ್ಣು ಅರಳಿತು. “ಯಾರೂ ಅಲ್ವಾ? ಹಾಗಾದ್ರೆ ತವಾಕ್ವಾಪ್ತೇವಾ ಮಾಡಿದ್ದಿರಬಹುದಾ?”

ಆ ಮನುಷ್ಯ ಎಷ್ಟು ಜೋರಾಗಿ ನಕ್ಕರು ಅಂದರೆ ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದರು. ಅವರಿಗೂ ಹೋಪಿಯಲ್ಲಿ ಹೇಳಿದರು. ಅವರೂ ನಕ್ಕರು. ಮಗ ನಕ್ಕ. ನಾನು ನಗಬಾರದು ಅಂತ ಮಗುವನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಕೊನೆಗೆ ಸೊಸೆಯೂ ನಕ್ಕಳು, ಪಾಪ. ಹೋಪಿಗಳದ್ದಲ್ಲದ್ದನ್ನು ‘ಹೋಪಿ’ ಅಂತ ಚೀಟಿ ಕಟ್ಟಿ ಮಾರುವುದು 1990ರ ಕಾನೂನಿನ ಪ್ರಕಾರ ಅಪರಾಧ. ಆದರೆ ಹಳೇ ಸಾಮಾನಿನ ಮೂಲೆ ಅಂಗಡಿಯಲ್ಲಿ ಯಾರು ಯಾರನ್ನು ಹಿಡಿಯುತ್ತಾರೆ?

ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆವು. ಸೊಸೆ ಕೇಳಿದಳು, ನಿಜವಾದ ಹಳೇ ಗೊಂಬೆ ಕೊಂಡುಕೊಳ್ಳುವುದು ತಪ್ಪಾ ಅಂತ. ಅವರು ತಪ್ಪು ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. “ಮಾರಲು ಮಾಡಿದ್ದು ಬೇರೆ, ಮಗುವಿಗೆ ಕೊಟ್ಟದ್ದು ಬೇರೆ. ನೂರು ವರ್ಷದ ಗೊಂಬೆ ಅಂಗಡಿಯಲ್ಲಿದೆ ಅಂದರೆ ಅದನ್ನು ಯಾವ ಹುಡುಗಿಗೆ ಕೊಟ್ಟಿದ್ದರು ಅಂತ ನಾನು ಯೋಚಿಸ್ತೀನಿ. ಹಸಿವಾಗಿತ್ತೋ, ಯಾರೋ ಕೇಳಿದರೋ, ಸುಮ್ನೆ ಕೊಟ್ಟುಬಿಟ್ಟರೋ” ಅಂದರು. ಗೊಂಬೆ ವಿಷಯದಲ್ಲಿ ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದು ಪ್ಯಾರಿಸ್ ಹರಾಜಿನ ಮಾತು ಬಂದಾಗ. ಅಲ್ಲಿ 2013ರ ಏಪ್ರಿಲ್‌ನಲ್ಲಿ ಹರಾಜಾದದ್ದು ಗೊಂಬೆಗಳಲ್ಲ. ಹೋಪಿಗಳು ‘ಸ್ನೇಹಿತರು’ ಅಂತ ಕರೆಯುವ ಪವಿತ್ರ ವಸ್ತುಗಳು, ಪೇಪರಿನವರು ಮುಖವಾಡ ಅಂದವು. ಸುಮಾರು ಎಪ್ಪತ್ತು. ಹೋಪಿಗಳು ಕೋರ್ಟಿಗೆ ಹೋದರು, ಕೋರ್ಟು ತಡೆಯಲಿಲ್ಲ. ಒಂಬತ್ತು ಲಕ್ಷ ಯೂರೋ ಮೀರಿ ಮಾರಾಟವಾಯಿತು. ಅದೇ ಡಿಸೆಂಬರ್‌ನ ಇನ್ನೊಂದು ಹರಾಜಿನಲ್ಲಿ ಅಮೆರಿಕದ ಆ್ಯನನ್‌ಬರ್ಗ್ ಫೌಂಡೇಶನ್ ಫೋನಿನಲ್ಲೇ ಬೆಲೆ ಕೂಗಿ 24 ವಸ್ತುಗಳನ್ನು 5,30,000 ಡಾಲರಿಗೆ ಕೊಂಡು ವಾಪಸ್ ಕೊಟ್ಟಿತು. ಅದರಲ್ಲಿ 21 ಹೋಪಿಗಳದ್ದು. “ಸ್ನೇಹಿತರಿಗೆ ಬೆಲೆ ಕಟ್ಟೋದು ಹೇಗೆ?” ಅಂದರು. ಆಮೇಲೆ ಬೇರು ಎತ್ತಿಕೊಂಡು ಮತ್ತೆ ಕೆರೆಯತೊಡಗಿದರು. ಅಂದರೆ ನಾವಿನ್ನು ಹೊರಡಬಹುದು ಅಂತ.

ನಾಲ್ಕನೇ ದಿನ: ವಾಲ್ಪಿ, ವಾಪಸ್ ಮನೆಗೆ

ಫಸ್ಟ್ ಮೇಸಾ ಮೇಲೆ ಮೂರು ಊರು ಒಂದಕ್ಕೊಂದು ಅಂಟಿಕೊಂಡಿವೆ. ಹಾನೋ, ಸಿಚೊಮೋವಿ, ತುದಿಯಲ್ಲಿ ವಾಲ್ಪಿ. ಹಾನೋದವರು ಮೂಲದಲ್ಲಿ ಹೋಪಿಗಳಲ್ಲ, ತೇವಾ ಅನ್ನುವ ಬೇರೆ ಮೂಲನಿವಾಸಿಗಳು. 1680ರಲ್ಲಿ ಪ್ಯೂಬ್ಲೋ ಅನ್ನುವ ಮೂಲನಿವಾಸಿ ಜನ ತಮ್ಮನ್ನು ಆಳುತ್ತಿದ್ದ ಸ್ಪೇನಿನವರ ಮೇಲೆ ದಂಗೆ ಎದ್ದರು, ಅದಾದ ಮೇಲೆ ಪೂರ್ವದಿಂದ ಇಲ್ಲಿಗೆ ಬಂದು ನೆಲೆಸಿದವರು. ವಾಲ್ಪಿಗೆ ಗೈಡ್ ಇಲ್ಲದೆ ಹೋಗುವಂತಿಲ್ಲ. ನಮ್ಮ ಗೈಡ್ ಸಣ್ಣ ವಯಸ್ಸಿನ ಹೆಂಗಸು, ಮಾತು ಚುರುಕು. ಸಿಚೊಮೋವಿಯಿಂದ ವಾಲ್ಪಿಗೆ ಹೋಗುವಲ್ಲಿ ಬಂಡೆ ಒಂದು ಕಾರಿನಗಲಕ್ಕೆ ಸಣ್ಣಗಾಗುತ್ತೆ. ಎರಡೂ ಪಕ್ಕ ಪಾತಾಳ. ನಾನು ಮಗನ ಅಂಗಿ ಹಿಡಿದುಕೊಂಡು ದಾಟಿದೆ. ವಾಲ್ಪಿಯಲ್ಲಿ ಕರೆಂಟಿಲ್ಲ, ನಲ್ಲಿ ಇಲ್ಲ, ತಂತಿಯೂ ಇಲ್ಲ. ಬೇಕು ಅಂತಲೇ ಹಾಗೆ ಇಟ್ಟುಕೊಂಡಿದ್ದಾರೆ.

ಕತ್ಸಿನಾ ಕುಣಿತ ನಾವು ನೋಡಬಹುದಾ ಅಂತ ಮಗ ಕೇಳಿದ. ಮೊದಲು ಹೊರಗಿನವರಿಗೂ ಬಿಡುತ್ತಿದ್ದರಂತೆ. 1992ರಲ್ಲಿ ಒಂದು ಕಾಮಿಕ್ಸ್ ಪುಸ್ತಕದಲ್ಲಿ ಕತ್ಸಿನಂ ವೇಷದವರನ್ನು ಖಳರನ್ನಾಗಿ ತೋರಿಸಿದರು. ಆಮೇಲೆ ಹಲವು ಊರುಗಳು ಬಾಗಿಲು ಹಾಕಿದವು. “ಇನ್ನೊಂದು ವಿಷಯ” ಅಂದಳು ಗೈಡ್. “ಕತ್ಸಿನಂ ಹೇಗೆ ಬರ್ತಾರೆ ಅನ್ನೋದನ್ನು ಇಲ್ಲಿ ಮಕ್ಕಳ ಮುಂದೆ ಮಾತಾಡಬೇಡಿ.” ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ. ಯಾವ ಮಗು ಓದುತ್ತೋ.

ಬಾಗಿಲ ಮುಂದೆ ಅಲ್ಲಲ್ಲಿ ಮೇಜು ಹಾಕಿ ಮಡಕೆ, ಗೊಂಬೆ ಮಾರುತ್ತಿದ್ದರು. ಒಂದು ಮನೆಯಲ್ಲಿ ನನ್ನ ವಯಸ್ಸಿನ ಅಜ್ಜಿ. ಮೊಮ್ಮಗಳನ್ನು ಕಂಡವರೇ ಕೈ ಚಾಚಿದರು. ಮಗು ಹೊಸಬರ ಹತ್ತಿರ ಹೋಗುವುದೇ ಇಲ್ಲ, ಅವರ ತೊಡೆ ಮೇಲೆ ಕೂತು ಅವರ ಮಣಿಸರ ಕಚ್ಚಿತು. “ಬಿಸಿಲು, ಒಳಗೆ ಬನ್ನಿ” ಅಂದರು. ಒಳಗೆ ತಂಪು, ಮಸುಕು ಬೆಳಕು. ಎದುರು ಗೋಡೆಯಲ್ಲಿ ಒಂದು ಶಾಲೆಯ ಗ್ರೂಪ್ ಫೋಟೋ, ಒಂದು ಕ್ಯಾಲೆಂಡರ್, ಪಕ್ಕದಲ್ಲಿ ಮೊಳೆಗೆ ನೇತುಹಾಕಿದ ಐದು ಗೊಂಬೆ. ಕೊನೆಯದು ಬಹಳ ಹಳೇದು. ಮಸಿ ಹಿಡಿದಿತ್ತು. ಕೈಗಳು ಹೊಟ್ಟೆಗೆ ಒತ್ತಿಕೊಂಡಿದ್ದವು. ಮೂಗು ಇರಲಿಲ್ಲ.

ಸೊಸೆ ನನ್ನ ಕೈ ಹಿಂಡಿದಳು. ತಡೆಯಲಾಗದೆ ಕೇಳಿಯೇಬಿಟ್ಟಳು, ಆ ಕೊನೆಯದನ್ನು ಕೊಡ್ತೀರಾ ಅಂತ.

“ಅದು ನನ್ನಕ್ಕಂದು” ಅಂದರು ಅಜ್ಜಿ.

“ಅವರನ್ನು ಕೇಳಬಹುದಾ?”

“ಹೋಗಿ ಮೂವತ್ತು ವರ್ಷ ಆಯ್ತು” ಅಂದರು, ಮಗುವಿನ ಬಾಯಿಂದ ಮಣಿ ಬಿಡಿಸುತ್ತಾ. ಕೋಪ ಇರಲಿಲ್ಲ. ಅಕ್ಕ ಇಲ್ಲ, ಆದರೂ ಗೊಂಬೆ ಅಕ್ಕನದೇ.

ಆಮೇಲೆ ಅವರೇ ಮೇಜಿನ ಡಬ್ಬದಿಂದ ಅಂಗೈಯಗಲದ ಒಂದು ಚಪ್ಪಟೆ ಗೊಂಬೆ ತೆಗೆದರು. ಹಲಗೆಯ ಹಾಗೆ, ಬರೀ ಮುಖ ಮತ್ತು ಮೈ, ಕಾಲಿಲ್ಲ, ಕೈಯಿಲ್ಲ. ಬಿಳಿ ಮುಖ, ಎರಡು ಕೆನ್ನೆಗೂ ಕೆಂಪು ಚುಕ್ಕೆ. ಹಾಹಾಯ್‌ವೂತಿ, ಕತ್ಸಿನಂಗಳ ತಾಯಿ. ಹೋಪಿ ಮಗುವಿಗೆ ಮೊದಲು ಸಿಗುವ ಗೊಂಬೆ ಇದೇ. ಮಗ ಕೆತ್ತಿದ್ದು, ಮಾರುವುದಕ್ಕೇ ಮಾಡಿದ್ದು, ಹಳೇ ಥರದ ಮಣ್ಣಿನ ಬಣ್ಣ ಅಂದರು. ನಲವತ್ತು ಡಾಲರ್. ನನ್ನ ಪರ್ಸಿನಿಂದ ನಾನೇ ಕೊಟ್ಟೆ. ಮಗ ಈ ಸಲ ಗುಣಿಸಲಿಲ್ಲ.

ವಾಪಸ್ ಬಂದಿದ್ದು 87ನೇ ರಸ್ತೆಯಲ್ಲಿ. ಸೆಕೆಂಡ್ ಮೇಸಾ ಹತ್ತಿರ ಶುರುವಾಗುವ ಈ ರಸ್ತೆ ವಿನ್ಸ್‌ಲೋ, ಪೇಸನ್ ದಾಟಿ ಬೆಟ್ಟ ಇಳಿದು ನೇರ ಚಾಂಡ್ಲರ್‌ನ ಅರಿಝೋನಾ ಅವೆನ್ಯೂಗೆ ಬರುತ್ತೆ. ದಿನಾ ತರಕಾರಿಗೆ ದಾಟುವ ರಸ್ತೆ! ಅದರ ಇನ್ನೊಂದು ತುದಿಯಲ್ಲಿ ಇದೆಲ್ಲ ಇದೆ ಅಂತ ಯಾರಿಗೆ ಗೊತ್ತಿತ್ತು. ವಿನ್ಸ್‌ಲೋ ಹತ್ತಿರ ಲಿಟಲ್ ಕೊಲರಾಡೋ ಹೊಳೆ ಬತ್ತಿ ಬರೀ ಮರಳಾಗಿತ್ತು. ದಂಡೆಯಲ್ಲಿ ಕಾಟನ್‌ವುಡ್ ಎಲೆ ಹಳದಿಯಾಗತೊಡಗಿತ್ತು.

ಮನೆ ಬಾಡಿಗೆಯದು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮಗ ಅಂಟಿಸುವ ಕೊಕ್ಕೆ ತಂದು ತೊಟ್ಟಿಲ ಮೇಲೆ ಗೊಂಬೆ ನೇತುಹಾಕಿದ. ಯಾರೂ ಅಲ್ಲದ ನಮ್ಮ 280 ಡಾಲರಿನ ಗೊಂಬೆ ಟಿವಿ ಪಕ್ಕ ಒಂದು ಕಾಲೆತ್ತಿ ನಿಂತಿದೆ. ಸೊಸೆ ಚೀಟಿ ಬಿಚ್ಚಿಲ್ಲ. ಬಂದವರಿಗೆಲ್ಲ ‘1920’ ತೋರಿಸಿ ಕಥೆ ಹೇಳುತ್ತಾಳೆ. ಮಾರನೇ ದಿನ ಬೆಳಿಗ್ಗೆ ನಾನು ಹೋಗಿ ನೋಡಿದರೆ ಕೊಕ್ಕೆ ಬಿದ್ದಿತ್ತು, ಗೊಂಬೆ ಮಗುವಿನ ಕೈಯಲ್ಲಿತ್ತು, ಮಗುವಿನ ತುಟಿ ತುಂಬ ಬಿಳಿ ಜೇಡಿಮಣ್ಣು.